ಮೈಸೂರು ರಸ್ತೆಯ ಒಂದು ಸೋಮವಾರ

ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಯಿಂದ ಹೊರಡುವ ಮೈಸೂರು ರಸ್ತೆಯು ಸಿರ್ಸಿ ವೃತ್ತ, ಬ್ಯಾಟರಾಯನಪುರ, ನಾಯಂಡಹಳ್ಳಿಗಳನ್ನು ದಾಟಿ ಕೆಂಗೇರಿಗೂ, ಅಲ್ಲಿಂದ ರಾಮನಗರ, ಮದ್ದೂರುಗಳ ಮಾರ್ಗವಾಗಿ ಮಂಡ್ಯದ ಕಾವೇರಿ ಸೀಮೆಗೂ ಕರೆದೊಯ್ಯುತ್ತದೆ. ನಾಯಂಡಹಳ್ಳಿಯ ಆಸುಪಾಸಿನಿಂದ ಅದರ ಮಗ್ಗುಲಲ್ಲಿಯೇ ವೃಷಭಾವತಿಯು ಹರಿಯುತ್ತದೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಜನಿಸಿದುದೆಂಬ ಪ್ರತೀತಿಯುಳ್ಳ ಈ ಹೊಳೆ ಈಗ ನಗರದ ಕೊಳೆನೀರನ್ನು ಹೊತ್ತು ಸಾಗುತ್ತಿದೆ.

ಗಾಂಧಿನಗರದ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದ ನನ್ನ ಪರಿಚಿತರೊಬ್ಬರು ಪ್ರತಿದಿನ ಕೆಂಗೇರಿಯಿಂದ ಬಂದು ಹೋಗುತ್ತಿದ್ದರು. ಬೆಳಗಿನ ಬುತ್ತಿ, ಹಾಜರಿ ಪುಸ್ತಕದ ಸಹಿ, ಕಡತಗಳ ರಾಶಿ, ಸಂಜೆಯ ಬಸ್ಸು, ಇದೇ ಅವರ ದಿನಚರಿ. 2016ರ ಸೆಪ್ಟೆಂಬರ್ 12ರ ಸೋಮವಾರವೂ ಹಾಗೆಯೇ ಆರಂಭವಾಯಿತು.

ಆ ವರ್ಷ ಮುಂಗಾರು ಕೈಕೊಟ್ಟಿತ್ತು. ನಿತ್ಯ 15,000 ಕ್ಯೂಸೆಕ್ ನೀರನ್ನು ತಮಿಳುನಾಡಿಗೆ ಹರಿಸಬೇಕೆಂದಿದ್ದ ಸರ್ವೋಚ್ಚ ನ್ಯಾಯಾಲಯವು ಅಂದು ಅದನ್ನು 12,000ಕ್ಕೆ ಇಳಿಸಿ, 20ನೆಯ ತಾರೀಖಿನವರೆಗೆ ಮುಂದುವರಿಸಿತು. ಅದೇ ಬೆಳಗ್ಗೆ ಚೆನ್ನೈನಲ್ಲಿ ಕನ್ನಡಿಗರ ಹೋಟೆಲೊಂದರ ಮೇಲೆ ದಾಳಿ ನಡೆದಿತ್ತು. ಮಧ್ಯಾಹ್ನದ ವೇಳೆಗೆ ಬೆಂಗಳೂರು ಹೊತ್ತಿಕೊಂಡಿತು. ಬಸ್ಸುಗಳು ನಿಂತವು, ಮೆಟ್ರೋ ನಿಂತಿತು. ಮೈಸೂರು ರಸ್ತೆಗೆ ಸಮೀಪದ ತಂಗುದಾಣವೊಂದರಲ್ಲಿ ತಮಿಳುನಾಡಿನ ಖಾಸಗಿ ಬಸ್ಸುಗಳು ಸಾಲುಸಾಲಾಗಿ ಸುಟ್ಟು ಕರಕಲಾದವು. ಹೆಗ್ಗನಹಳ್ಳಿಯಲ್ಲಿ ಪೊಲೀಸರ ಗುಂಡಿಗೆ ಒಬ್ಬ ಬಲಿಯಾದ. 16 ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ಜಾರಿಯಾಯಿತು.

ಕಚೇರಿಯ ಬಾಗಿಲು ಬೇಗನೆ ಮುಚ್ಚಿತು. ನಮ್ಮ ಗುಮಾಸ್ತರು ಕಾಲ್ನಡಿಗೆಯಲ್ಲಿ ಹೊರಟರು. ಜೊತೆಯಲ್ಲಿ ಬ್ಯಾಟರಾಯನಪುರದವರಾದ ಸಹೋದ್ಯೋಗಿ ಮಹಿಳೆಯೊಬ್ಬರಿದ್ದರು. ಆಕೆ ಹುಟ್ಟಿ ಬೆಳೆದದ್ದು ಬೆಂಗಳೂರಿನಲ್ಲಿಯೇ. ಮನೆಮಾತು ಮಾತ್ರ ತಮಿಳು. ಚೀಲದಲ್ಲಿ ಮೊಬೈಲು ಮತ್ತೆ ಮತ್ತೆ ಮೊಳಗಿದರೂ ಆಕೆ ಅದನ್ನು ಹೊರತೆಗೆಯಲಿಲ್ಲ. ಕರೆಯುತ್ತಿದ್ದವರು ತಾಯಿ; ಅವರಿಗೆ ಉತ್ತರಿಸಬೇಕಾದದ್ದು ತಮಿಳಿನಲ್ಲಿ! 1991ರ ಡಿಸೆಂಬರಿನ ಗಲಭೆಯಲ್ಲಿ ಊರು ತೊರೆದವರ ನೆನಪು ಆ ಮನೆಯಲ್ಲಿ ಮಾಸಿರಲಿಲ್ಲ. ಆಕೆಯನ್ನು ಮನೆ ಮುಟ್ಟಿಸಿದ ಮೇಲೆಯೇ ಇವರು ಕೆಂಗೇರಿಯ ಕಡೆಗೆ ಹೆಜ್ಜೆ ಹಾಕಿದರು. ಆಚೆ ಆಗಸದಲ್ಲಿ ಕಪ್ಪು ಹೊಗೆ ಎದ್ದಿತ್ತು.

ಬೆಳೆ ಒಣಗುವುದನ್ನು ಕಂಡ ಮಂಡ್ಯದ ರೈತನ ಸಂಕಟ ಸುಳ್ಳಲ್ಲ. ತಂಜಾವೂರಿನ ರೈತನದೂ ಸುಳ್ಳಲ್ಲ. ಆದರೆ ಸುಟ್ಟ ಬಸ್ಸಿನಿಂದ ಯಾರ ಗದ್ದೆಗೂ ಒಂದು ಹನಿ ನೀರು ಬರಲಿಲ್ಲ. 2018ರ ಫೆಬ್ರುವರಿ 16ರ ಅಂತಿಮ ತೀರ್ಪಿನಲ್ಲಿ ಕರ್ನಾಟಕದ ಪಾಲು 270ರಿಂದ 284.75 ಟಿ.ಎಂ.ಸಿ.ಗೆ ಏರಿತು, ಅದರಲ್ಲಿ 4.75 ಟಿ.ಎಂ.ಸಿ. ಬೆಂಗಳೂರಿನ ಅಗತ್ಯಕ್ಕೆಂದೇ ದೊರೆಯಿತು. ಬೆಂಕಿಯಿಂದ ಬಾರದುದು ವಾದದಿಂದ ಬಂದಿತು.

ಈ ನಗರವು ಕುಡಿಯುವ ಕಾವೇರಿಯು ಸುಮಾರು 100 ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಹಂತಹಂತವಾಗಿ ಮೇಲೆತ್ತಲ್ಪಟ್ಟು ಬರುತ್ತಾಳೆ. ಬಳಸಿ ಬಿಟ್ಟ ನೀರಿನ ಒಂದು ಪಾಲು ವೃಷಭಾವತಿಯಾಗಿ ಇದೇ ರಸ್ತೆಯ ಬದಿಯಲ್ಲಿ ಹರಿದು ಅರ್ಕಾವತಿಯನ್ನು ಕೂಡಿ, ಸಂಗಮದಲ್ಲಿ ಮತ್ತೆ ಕಾವೇರಿಯನ್ನು ಸೇರಿ ತಮಿಳುನಾಡಿಗೆ ಇಳಿಯುತ್ತದೆ. ಮೇಲಿನವರು ಕೊಳೆಯನ್ನು ಕಳಿಸದಿರುವುದೂ ನೀರಿನ ಧರ್ಮವೇ. ಕೆಂಗೇರಿಯ ಕಡೆಗೆ ಹೋಗುವ ಬಂಧುಗಳು ಒಮ್ಮೆ ಬಸ್ಸಿನ ಕಿಟಕಿಯಿಂದ ಆ ಹೊಳೆಯನ್ನು ನೋಡಬೇಕು. ನದಿಗಾಗಿ ಹೋರಾಡಬಯಸುವವರಿಗೆ ಮಾಡಬೇಕಾದ ಕೆಲಸ ಅಲ್ಲಿಯೇ ಕಾದಿದೆ.