ಡಿಕ್ಕಿಯ ಕಾರು, ಮಾಡಿನ ಕಾರು

ಕಳೆದ ತಿಂಗಳು ತಂಗಿಯ ಮಗ ಮನೆಗೆ ಬಂದಿದ್ದ. ಅವನಿಗೆ ಹಳೆಯದೊಂದು ಕಾರು ಕೊಳ್ಳಬೇಕಾಗಿದೆ. ಒಂದೇ ಕಂಪೆನಿಯ, ಒಂದೇ ಎಂಜಿನಿನ ಎರಡು ಗಾಡಿಗಳನ್ನು ನೋಡಿ ಬಂದಿದ್ದಾನೆ. ಒಂದಕ್ಕೆ ಹಿಂದೆ ಡಿಕ್ಕಿ ಇದೆ. ಇನ್ನೊಂದಕ್ಕೆ ಡಿಕ್ಕಿಯ ಬದಲು ಮಾಡೇ ಹಿಂದಿನ ತುದಿಯವರೆಗೆ ಚಾಚಿದೆ. ಪೇಟೆಯವರ ಬಾಯಲ್ಲಿ ಮೊದಲನೆಯದು ಸೆಡಾನ್, ಎರಡನೆಯದು ವ್ಯಾಗನ್. “ಮಾವ, ಯಾವುದು ತೆಗೆದುಕೊಳ್ಳಲಿ?” ಎಂದು ಕೇಳಿದ. ನಾನು ಕಾರಿನ ಪಂಡಿತನಲ್ಲ, ಕನ್ನಡ ಕಲಿಸಿ ನಿವೃತ್ತನಾದ ಮೇಷ್ಟ್ರು. ಆದರೂ ಈ ಒಂದು ಪ್ರಶ್ನೆಗೆ ಉತ್ತರ ಹೇಳುವ ಅಧಿಕಾರ ನನಗಿದೆ ಎಂದು ತಿಳಿದುಕೊಂಡಿದ್ದೇನೆ. ಹನ್ನೆರಡು ವರ್ಷಗಳ ಹಿಂದೆ ನಾನೂ ಇದೇ ಪ್ರಶ್ನೆಯ ಮುಂದೆ ನಿಂತು ಬೆವರಿದವನು.

ಅದು 2013ನೇ ಇಸವಿ. ನಮ್ಮ ಮನೆ ಬದಿಯಡ್ಕದಿಂದ ಸ್ವಲ್ಪ ಒಳಗೆ. ಅಡಿಕೆ ತೋಟ, ಎರಡು ದನ, ವಯಸ್ಸಾದ ಅಮ್ಮ, ನಾವಿಬ್ಬರು, ಕಾಲೇಜಿಗೆ ಹೋಗುವ ಮಗಳು. ಬಸ್ಸಿಗೆ ಮುಕ್ಕಾಲು ಗಂಟೆ ಕಾಯುವ ತಾಳ್ಮೆ ಮನೆಯಲ್ಲಿ ಅಮ್ಮನಿಗೊಬ್ಬಳಿಗೆ ಉಳಿದಿತ್ತು. ಹೊಸ ಕಾರಿನ ಮಾತೆತ್ತುವ ಹಾಗಿರಲಿಲ್ಲ. ಕೊನೆಗೆ ಎರಡು ಹಳೆಯ ಗಾಡಿಗಳು ಕಣ್ಣಿಗೆ ಬಿದ್ದವು. ಎರಡೂ 2005ರವು, ಎರಡೂ ಟಾಟಾ ಇಂಡಿಗೋ. ಮಂಗಳೂರಿನಲ್ಲಿದ್ದದ್ದು ಬಿಳಿ ಬಣ್ಣದ ಡಿಕ್ಕಿಯ ಕಾರು. ಕಾಸರಗೋಡಿನಲ್ಲಿದ್ದದ್ದು ಬೂದಿ ಬಣ್ಣದ ವ್ಯಾಗನ್. ಅದಕ್ಕೆ ಮರೀನಾ ಎಂದು ಹೆಸರು.

ಇಂಡಿಗೋ ಮಾರುಕಟ್ಟೆಗೆ ಬಂದದ್ದು 2002ರ ಕೊನೆಗೆ, ಮರೀನಾ ಬಂದದ್ದು 2004ರಲ್ಲಿ. ಎರಡಕ್ಕೂ ಅದೇ 1405 ಸಿ.ಸಿ. ಡೀಸೆಲ್ ಎಂಜಿನ್, ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಅದೇ 2450 ಮಿಲಿಮೀಟರ್ ಅಂತರ. ಮೂತಿಯಿಂದ ಹಿಂದಿನ ಬಾಗಿಲಿನವರೆಗೆ ನೋಡಿದರೆ ಅವಳಿಜವಳಿ. ವ್ಯತ್ಯಾಸವೆಲ್ಲ ಇರುವುದು ಬೆನ್ನಿನಲ್ಲಿ. ಹಾಗಿದ್ದರೂ ವ್ಯಾಗನಿನ ಬೆಲೆ ಹತ್ತಿಪ್ಪತ್ತು ಸಾವಿರ ಕಡಿಮೆ. ಕಾರಣ ಕೇಳಿದಾಗ ಮಾರುವವನು ನಕ್ಕ. “ಇದನ್ನು ಯಾರೂ ಕೇಳುವುದಿಲ್ಲ ಮಾಷೇ” ಎಂದ. ನಿಜವೇ. ನಮ್ಮ ದೇಶದಲ್ಲಿ ವ್ಯಾಗನ್ನುಗಳ ಜಾತಕ ಅಷ್ಟು ಚೆನ್ನಾಗಿರಲಿಲ್ಲ. ಮಾರುತಿಯ ಬಲೆನೋ ಆಲ್ಟೂರಾ, ಓಪೆಲ್ ಕೋರ್ಸಾ ಸ್ವಿಂಗ್ ಎಲ್ಲ ಬಂದವು, ಹೋದವು. ಕಾರು ಅಂದರೆ ಹಿಂದೆ ಡಿಕ್ಕಿ ಇರಬೇಕು, ಇಲ್ಲದಿದ್ದರೆ ಅದು ಸಾಮಾನಿನ ಗಾಡಿ ಎಂಬುದು ಜನರ ಲೆಕ್ಕ.

ಮನೆಯಲ್ಲೂ ಅದೇ ಲೆಕ್ಕ. ಮಗಳು ವ್ಯಾಗನಿನ ಪಟ ನೋಡಿ, “ಅಪ್ಪಾ, ಇದು ಆಂಬುಲೆನ್ಸಿನ ಹಾಗೆ ಉಂಟು” ಎಂದಳು. ಹೆಂಡತಿ ಆ ಶಬ್ದವನ್ನೂ ಬಾಯಿಂದ ಹೊರಡಿಸಲಿಲ್ಲ, ಮುಖ ತಿರುಗಿಸಿದಳು. ಮದುವೆ ಮುಂಜಿಗೆ ಹೋಗುವಾಗ ಅಂಗಳದಲ್ಲಿ ನಿಲ್ಲಿಸಿದರೆ ನಾಲ್ಕು ಜನ ನೋಡುವುದಿಲ್ಲವೇ ಎಂಬುದು ಅವಳ ವಾದ. ಸುಳ್ಳಲ್ಲ. ಡಿಕ್ಕಿಯ ಕಾರಿಗೆ ಒಂದು ಗಾಂಭೀರ್ಯ ಇದೆ. ಪಂಚೆಯ ಮೇಲೆ ಶಾಲು ಹೊದ್ದ ಹಾಗೆ.

ಡಿಕ್ಕಿಯ ಪಕ್ಷದಲ್ಲಿ ಬೇರೆ ನ್ಯಾಯಗಳೂ ಇದ್ದವು. ಸಾಮಾನನ್ನು ಒಳಗಿಟ್ಟು ಬೀಗ ಹಾಕಿದರೆ ಹೊರಗಿನವರಿಗೆ ಕಾಣುವುದಿಲ್ಲ. ಕೂತವರಿಗೂ ಸಾಮಾನಿಗೂ ನಡುವೆ ಗೋಡೆ ಇರುವುದರಿಂದ ಹಿಂದಿನ ಚಕ್ರದ ಗದ್ದಲ ಕಿವಿಗೆ ಕಡಿಮೆ. ತಂಪುಗಾಳಿಯ ಯಂತ್ರಕ್ಕೆ ತಣಿಸಬೇಕಾದ ಜಾಗವೂ ಕಡಿಮೆ. ನಾಳೆ ಮಾರುವುದಾದರೆ ಗಿರಾಕಿ ಬೇಗ ಸಿಗುತ್ತಾನೆ. ಇದನ್ನೆಲ್ಲ ನಾನು ಒಂದು ಹಳೆಯ ಹಾಜರಿ ಪುಸ್ತಕದ ಹಾಳೆಯಲ್ಲಿ ಎರಡು ಸಾಲು ಎಳೆದು ಬರೆದೆ. ಡಿಕ್ಕಿಯ ಸಾಲು ಉದ್ದವಾಗುತ್ತಾ ಹೋಯಿತು.

ಒಂದು ವಿಷಯ ಮಾತ್ರ ಬಿಳಿ ಕಾರಿಗೆ ವಿರುದ್ಧವಾಗಿತ್ತು. ಅದು ಗಡಿಯಾಚೆಯ ಗಾಡಿ, ಕೆಎ-19. ನಮ್ಮದು ಕೆಎಲ್-14. ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಳ್ಳುವುದಾದರೆ ಅಲ್ಲಿಯ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ತಂದು, ಇಲ್ಲಿಯ ತೆರಿಗೆ ಕಟ್ಟಿ, ಹೊಸ ಸಂಖ್ಯೆ ಹಾಕಿಸಬೇಕು. ನಮ್ಮ ಹಿರಿಯರು 1956ರ ನವೆಂಬರ್ 1ರಂದು ಮಲಗಿದಲ್ಲಿಂದಲೇ ರಾಜ್ಯ ಬದಲಾಯಿಸಿದವರು. ಕಾರಿಗೆ ಆ ಸೌಕರ್ಯ ಇಲ್ಲ.

ಅಮ್ಮನನ್ನು ಯಾರೂ ಕೇಳಿರಲಿಲ್ಲ. ಅವಳು ಒಂದು ದಿನ ಅಡಿಕೆ ಸುಲಿಯುತ್ತಾ, “ಆ ಡಿಕ್ಕಿಯೊಳಗೆ ಎಷ್ಟು ಗೋಣಿ ಹಿಡಿಯುತ್ತದೆ?” ಎಂದು ಕೇಳಿದಳು. “ನಿಲ್ಲಿಸಿದರೆ ಒಂದೂ ಇಲ್ಲ, ಮಲಗಿಸಿದರೆ ಎರಡು” ಎಂದೆ. “ಹಾಗಾದರೆ ಅದು ನಮ್ಮ ಕಾರಲ್ಲ, ನೆಂಟರ ಕಾರು” ಎಂದು ಸುಮ್ಮನಾದಳು. ವರ್ಷಕ್ಕೆ ಮದುವೆ ಎಷ್ಟು, ಗೋಣಿ ಎಷ್ಟು ಎಂದು ಲೆಕ್ಕ ಹಾಕಿದೆ. ಸುಲಿದ ಅಡಿಕೆ ಕ್ಯಾಂಪ್ಕೊ ಶಾಖೆಗೆ, ಹಿಂಡಿಯ ಚೀಲ ಮನೆಗೆ, ಮೈಲುತುತ್ತು, ಸುಣ್ಣ, ಪಂಪಿನ ಪೈಪು, ಹಲಸಿನ ಹಣ್ಣು, ಶಾಲೆಯ ವಾರ್ಷಿಕೋತ್ಸವಕ್ಕೆ ಯಕ್ಷಗಾನದ ಚೆಂಡೆ ಮದ್ದಳೆ. ಇವುಗಳಲ್ಲಿ ಒಂದಕ್ಕೂ ಡಿಕ್ಕಿಯ ಗಾಂಭೀರ್ಯ ಬೇಕಾಗಿರಲಿಲ್ಲ. ಬೂದಿ ಬಣ್ಣದ ಮರೀನಾ ನಮ್ಮ ಅಂಗಳಕ್ಕೆ ಬಂತು.

ಕೊಳ್ಳುವ ಮೊದಲು ಒಬ್ಬ ಬಲ್ಲ ಮೆಕ್ಯಾನಿಕ್ ನನ್ನ ಜೊತೆ ಬಂದಿದ್ದ. ಅವನಿಂದ ಕಲಿತದ್ದನ್ನು ತಂಗಿಯ ಮಗನಿಗೂ ಹೇಳಿದೆ. ಹಳೆಯ ವ್ಯಾಗನಿನಲ್ಲಿ ಮೊದಲು ನೋಡಬೇಕಾದ್ದು ಎಂಜಿನಲ್ಲ, ಹಿಂಬಾಗಿಲು. ಅದನ್ನು ಎತ್ತಿ ಹಿಡಿಯುವ ಎರಡು ಗಾಳಿಕಂಬಗಳು ಸೋತಿದ್ದರೆ ಬಾಗಿಲು ನಮ್ಮ ತಲೆಯ ಮೇಲೇ ಬೀಳುತ್ತದೆ. ಬಾಗಿಲಿನ ಅಂಚಿನ ರಬ್ಬರು ಒಣಗಿ ಬಿರಿದಿದ್ದರೆ ಮಳೆನೀರು ಒಳಗೆ ಇಳಿದು, ಹೆಚ್ಚುವರಿ ಚಕ್ರದ ಗುಂಡಿಯಲ್ಲಿ ನಿಂತು ತುಕ್ಕು ಹಿಡಿಸುತ್ತದೆ. ಆದ್ದರಿಂದ ನೆಲದ ಚಾಪೆ ಎತ್ತಿ, ಕೈ ಹಾಕಿ ನೋಡಬೇಕು. ಹಿಂದಿನ ಗಾಜಿನ ವೈಪರ್ ಕೆಲಸ ಮಾಡಲೇಬೇಕು. ನೇರವಾಗಿ ಕತ್ತರಿಸಿದಂಥ ಬೆನ್ನಿನ ಗಾಡಿಯ ಹಿಂದೆ ಗಾಳಿ ಸುಳಿದು, ಕೆಸರೆಲ್ಲ ಆ ಗಾಜಿಗೇ ಬಂದು ಬಡಿಯುತ್ತದೆ. ಭಾರ ಹೊತ್ತು ಬಾಳಿದ ಗಾಡಿಯಾದರೆ ಹಿಂಬದಿ ಜಗ್ಗಿರುತ್ತದೆ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ದೂರದಿಂದ ನೋಡಿದರೆ ತಿಳಿಯುತ್ತದೆ. ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿಸಿದ್ದು ಎಂಬುದಕ್ಕೆ ಮಾತು ಸಾಲದು, ಚೀಟಿ ಬೇಕು.

ತಂದ ಮೇಲೆ ವ್ಯಾಗನಿನ ಅವಗುಣಗಳೂ ತಿಳಿದವು. ಹಲಸಿನ ಹಣ್ಣು ಹಿಂದಿದ್ದರೆ ಅದರ ವಾಸನೆ ಮುಂದೆ ಕೂತವರ ಬಟ್ಟೆಗೂ ಹತ್ತುತ್ತದೆ. ಹಿಂಡಿಯ ಚೀಲದ ಧೂಳು ಹೆಂಡತಿಯ ರೇಷ್ಮೆ ಸೀರೆಗೆ ಮೆತ್ತಿ, ಎರಡು ದಿನ ಮನೆಯಲ್ಲಿ ಮಾತುಕತೆ ಇರಲಿಲ್ಲ. ಒಮ್ಮೆ ಹಿಂದಿನ ಸೀಟು ಮಡಚಿ ತೆಂಗಿನಕಾಯಿ ತುಂಬಿಸಿ ಬರುತ್ತಿದ್ದಾಗ, ಇಳಿಜಾರಿನಲ್ಲಿ ಒಂದು ಕಾಯಿ ಉರುಳಿ ಬಂದು ನನ್ನ ಕಾಲಬುಡದಲ್ಲಿ ನಿಂತಿತು. ಬ್ರೇಕಿನ ಕೆಳಗೆ ಸಿಕ್ಕಿಕೊಂಡಿದ್ದರೆ ಈ ಲೇಖನ ಬರೆಯಲು ನಾನು ಇರುತ್ತಿರಲಿಲ್ಲ. ಅಂದಿನಿಂದ ಹಗ್ಗದ ಬಲೆ ಕಟ್ಟದೆ ಒಂದು ಸೌತೆಕಾಯಿಯನ್ನೂ ಹೇರಿದವನಲ್ಲ. ಗೋಡೆ ಇಲ್ಲದ ಕಡೆ ಎಚ್ಚರ ನಮ್ಮದೇ ಆಗಬೇಕು.

ಗೋಡೆಯ ಮಾತು ಬಂದಾಗ ನಮ್ಮ ಶಾಲೆ ನೆನಪಾಗುತ್ತದೆ. ನಾನು ಕಲಿಸುತ್ತಿದ್ದ ಶಾಲೆಯಲ್ಲಿ ಕನ್ನಡ ತರಗತಿಗೂ ಮಲಯಾಳ ತರಗತಿಗೂ ನಡುವೆ ಇದ್ದದ್ದು ಮರದ ಒಂದು ಅಡ್ಡತಟ್ಟಿ, ಎದೆಮಟ್ಟದ್ದು. ಈಚೆ ನಾನು ಸಂಧಿ ಹೇಳಿಕೊಡುವಾಗ ಆಚೆ ಟೀಚರ್ ಪದ್ಯ ಹಾಡಿಸುತ್ತಿದ್ದರು. ನನ್ನ ಮಕ್ಕಳಿಗೆ ಅವರ ಪದ್ಯ ಬಾಯಿಪಾಠ, ಅವರ ಮಕ್ಕಳಿಗೆ ನನ್ನ ಬೈಗುಳ ಬಾಯಿಪಾಠ. ಗದ್ದಲವೆಂದು ನಾವಿಬ್ಬರೂ ದೂರಿಕೊಂಡದ್ದುಂಟು. ಟೀಚರ್ ನಮ್ಮ ನೆರೆಮನೆಯವರೇ. 2018ರಲ್ಲಿ ನಿವೃತ್ತರಾದರು.

2020ರ ಮಾರ್ಚ್ ತಿಂಗಳ ಕೊನೆಯ ವಾರ. ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತ್ತು. ನಮ್ಮ ಜಿಲ್ಲೆಯಲ್ಲಿ ಕಾಯಿಲೆ ಹೆಚ್ಚೆಂದು ಗಡಿಯ ದಾರಿಗಳೂ ಮುಚ್ಚಿದವು. ತಲಪಾಡಿಯಲ್ಲಿ ತಡೆ, ಕೆಲವು ಒಳದಾರಿಗಳಿಗೆ ಮಣ್ಣಿನ ರಾಶಿ. ಆ ವಿಷಯ ಕೇರಳದ ಉಚ್ಚ ನ್ಯಾಯಾಲಯಕ್ಕೂ ಆಮೇಲೆ ಸುಪ್ರೀಂ ಕೋರ್ಟಿಗೂ ಹೋದದ್ದು ಓದುಗರಿಗೆ ಗೊತ್ತೇ ಇದೆ. ಆ ವಾರದಲ್ಲೇ ಒಂದು ಬೆಳಗ್ಗೆ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಳು. ಎಂಬತ್ತೊಂದು ವರ್ಷದ ಜೀವ. ಊರಿನ ಡಾಕ್ಟರು ಬಂದು ನೋಡಿ, ತೊಡೆಯ ಎಲುಬು ಮುರಿದಿದೆ ಎಂದು ಪಟ್ಟಿ ಕಟ್ಟಿ, ಶಸ್ತ್ರಚಿಕಿತ್ಸೆ ಆಗಲೇಬೇಕು, ತಡಮಾಡಬೇಡಿ ಎಂದರು.

ಹೊಟ್ಟೆನೋವಿಗೂ ಹೆರಿಗೆಗೂ ನಮ್ಮ ಊರಿನವರು ಹೋಗುತ್ತಿದ್ದದ್ದು ಮಂಗಳೂರಿಗೆ. ಕುಂಬಳೆ, ಉಪ್ಪಳ ದಾಟಿದರೆ ಐವತ್ತು ಕಿಲೋಮೀಟರ್. ಆ ದಾರಿ ಅಂದು ಇರಲಿಲ್ಲ. ದಕ್ಷಿಣಕ್ಕೆ, ಕಣ್ಣೂರಿನ ಕಡೆ ಹೋಗಬೇಕು. ಹೆಚ್ಚುಕಡಿಮೆ ತೊಂಬತ್ತು ಕಿಲೋಮೀಟರ್. ಆಂಬುಲೆನ್ಸಿಗೆ ಕರೆ ಮಾಡಿದರೆ ಎಲ್ಲ ಬೇರೆ ಬೇರೆ ಕಡೆ ಓಡುತ್ತಿವೆ, ಸಂಜೆಯಾಗಬಹುದು ಎಂಬ ಉತ್ತರ. ಅಮ್ಮನಿಗೆ ಕೂತುಕೊಳ್ಳಲು ಸಾಧ್ಯವೇ ಇರಲಿಲ್ಲ.

ಹೆಂಡತಿಯೇ ಹೋಗಿ ಕಾರಿನ ಹಿಂಬಾಗಿಲು ಎತ್ತಿದಳು. ಸೀಟು ಮಡಚಿ, ಮುಂದಿನ ಎಡ ಸೀಟನ್ನು ಆದಷ್ಟು ಮುಂದಕ್ಕೆ ತಳ್ಳಿ, ಹಾಸಿಗೆ ಹಾಸಿದೆವು. ಹಲಗೆಯ ಮೇಲೆ ಅಮ್ಮನನ್ನು ಮಲಗಿಸಿ, ಹಲಗೆ ಸಮೇತ ಹಿಂದಿನಿಂದ ಒಳಗೆ ಜಾರಿಸಿ, ಗೋಣಿಗೆ ಕಟ್ಟುವ ಅದೇ ಹಗ್ಗದಿಂದ ಭದ್ರ ಮಾಡಿದೆವು. ಅಮ್ಮ ಗಿಡ್ಡ, ಸರಿಯಾಗಿ ಹಿಡಿಯಿತು. ಅಷ್ಟರಲ್ಲಿ ಟೀಚರ್ ಬೇಲಿ ದಾಟಿ ಬಂದರು. ಮುಖಕ್ಕೆ ಬಟ್ಟೆ ಕಟ್ಟಿಕೊಂಡಿದ್ದರು. “ಮಾಷ್ ಕಾರು ಬಿಡಲಿ, ಅಲ್ಲಿ ಮಾತಾಡಲು ನಾನು ಬರುತ್ತೇನೆ” ಎಂದು, ನಮ್ಮ ಒಪ್ಪಿಗೆಗೂ ಕಾಯದೆ ಒಳಗೆ ಹತ್ತಿ ಅಮ್ಮನ ತಲೆಯ ಹತ್ತಿರ ಕಾಲು ಮಡಚಿ ಕೂತರು. ಕಾನೂನಿನ ಪ್ರಕಾರ ಅದು ಕೂರುವ ಜಾಗ ಅಲ್ಲ. ಯಾರೂ ಅನುಕರಿಸುವುದು ಬೇಡ. ಬೇರೆ ದಾರಿ ನಮಗಿರಲಿಲ್ಲ.

ಚೆರ್ಕಳದ ದಾರಿ ಹಿಡಿದು, ತೆಕ್ಕಿಲ್ ಸೇತುವೆಯಲ್ಲಿ ಚಂದ್ರಗಿರಿ ಹೊಳೆ ದಾಟಿದೆವು. ಚಿಕಿತ್ಸೆಗೆಂದು ಅಮ್ಮ ಆ ಹೊಳೆ ದಾಟಿದ್ದು ಅದೇ ಮೊದಲು. ಐದಾರು ಕಡೆ ಪೊಲೀಸರು ತಡೆದರು, ಹಿಂದಿನ ಗಾಜಿನಿಂದ ಇಣುಕಿ ನೋಡಿ ಬಿಟ್ಟರು. ಮೂವತ್ತೈದು ನಲವತ್ತರ ವೇಗ ಮೀರಲಿಲ್ಲ. ಬೆನ್ನ ಹಿಂದೆ ಗೋಡೆ ಇಲ್ಲದ್ದರಿಂದ ಎಲ್ಲ ಕೇಳುತ್ತಿತ್ತು. ಗುಂಡಿ ಬಂದಾಗ ಅಮ್ಮ ನರಳುವುದು, “ವೇದನ ಉಂಡೋ ಅಮ್ಮೇ?” ಎಂದು ಟೀಚರ್ ಕೇಳುವುದು, “ಇಲ್ಲ ಮಗಾ, ನೀನು ಸರಿ ಕೂತುಕೋ” ಎಂದು ಅಮ್ಮ ಹೇಳುವುದು. ನೀಲೇಶ್ವರ ಕಳೆದ ಮೇಲೆ ಮಾತು ನಿಂತಿತು. ನನ್ನ ಎದೆ ಡವಗುಟ್ಟಿತು. ಕನ್ನಡಿಯಲ್ಲಿ ನೋಡಿದರೆ ಅಮ್ಮನ ಕೈ ಟೀಚರ ಮಡಿಲಲ್ಲಿತ್ತು. ಅವರು ತರಗತಿಯಲ್ಲಿ ಹಾಡಿಸುತ್ತಿದ್ದ ಪದ್ಯವನ್ನು ಮೆಲ್ಲಗೆ ಗುನುಗುತ್ತಿದ್ದರು. ಇಪ್ಪತ್ತು ವರ್ಷ ತಟ್ಟಿಯ ಈಚೆಯಿಂದ ಕೇಳಿ ಬೇಸತ್ತಿದ್ದ ಪದ್ಯ. ಪಯ್ಯನ್ನೂರು ಬರುವವರೆಗೆ ಅದು ನಿಲ್ಲದಿರಲಿ ಎಂದು ಬೇಡಿಕೊಂಡೆ.

ಆಸ್ಪತ್ರೆಯಲ್ಲಿ ಅಮ್ಮನ ಸಂತೆಯ ಮಲಯಾಳ ಸಾಲಲಿಲ್ಲ. ಯಾವ ಮಾತ್ರೆ, ಯಾವ ಹಳೆಯ ಕಾಯಿಲೆ, ಎಲ್ಲಿ ನೋವು ಎಂಬುದನ್ನೆಲ್ಲ ಟೀಚರೇ ಆಚೆಗೂ ಈಚೆಗೂ ಮುಟ್ಟಿಸಿದರು. ಶಸ್ತ್ರಚಿಕಿತ್ಸೆ ಆಯಿತು. ಹದಿನೈದು ದಿನ ಕಳೆದು ಅದೇ ಕಾರಿನಲ್ಲಿ, ಅದೇ ಹಾಸಿಗೆಯ ಮೇಲೆ ಮನೆಗೆ ಬಂದಳು. ಊರುಗೋಲು ಹಿಡಿದು ಅಂಗಳದವರೆಗೆ ನಡೆದಳು. ಮತ್ತೆ ಎರಡು ವರ್ಷ ಬದುಕಿ, 2022ರಲ್ಲಿ ತನ್ನ ಮಂಚದ ಮೇಲೇ ಕಣ್ಣು ಮುಚ್ಚಿದಳು.

ಮರೀನಾಕ್ಕೆ 2020ರಲ್ಲಿ ಹದಿನೈದು ವರ್ಷ ತುಂಬಿತು. ಪರೀಕ್ಷೆ ಮಾಡಿಸಿ ಐದು ವರ್ಷಕ್ಕೆ ನೋಂದಣಿ ನವೀಕರಿಸಿದೆ. ಆ ಅವಧಿಯೂ ಮುಗಿದಿದೆ. ಹಿಂಬಾಗಿಲಿನ ಗಾಳಿಕಂಬ ಮತ್ತೆ ಸೋತಿದೆ, ಒಂದು ಬಿದಿರಿನ ತುಂಡು ಆ ಕೆಲಸ ಮಾಡುತ್ತಿದೆ. ಇನ್ನು ಅದನ್ನು ರಸ್ತೆಗೆ ಇಳಿಸುವುದೋ ಬಿಡುವುದೋ ಎಂದು ನಾನು ತೀರ್ಮಾನಿಸಿಲ್ಲ. ಹೆಂಡತಿ ಮಾತ್ರ ಮಾರುವ ಮಾತೆತ್ತಿದರೆ ಎದ್ದು ಹೋಗುತ್ತಾಳೆ.

ತಂಗಿಯ ಮಗನಿಗೆ ನಾನು ವ್ಯಾಗನನ್ನೇ ತೆಗೆದುಕೋ ಎಂದು ಹೇಳಲಿಲ್ಲ. ಅವನದು ಪೇಟೆಯ ಸಂಸಾರ, ಗೋಣಿ ಇಲ್ಲ, ಹಿಂಡಿ ಇಲ್ಲ. ಬೀಗ ಹಾಕುವ ಡಿಕ್ಕಿ ಅವನಿಗೆ ಸರಿಹೋಗಲೂಬಹುದು. “ಕಳೆದ ಒಂದು ವರ್ಷದಲ್ಲಿ ಏನೇನು ಹೊತ್ತೆ, ಯಾರ್‍ಯಾರನ್ನು ಕರೆದುಕೊಂಡು ಹೋದೆ ಎಂದು ಬರೆದು ನೋಡು. ಮನೆಯಲ್ಲಿ ವಯಸ್ಸಾದವರು ಎಷ್ಟು ಮಂದಿ ಎಂಬುದನ್ನೂ ಬರೆ. ಆಮೇಲೆ ಗಾಡಿ ನೋಡಲು ಹೋಗು” ಎಂದೆ.

ಅವನು ಹೊರಟು ಅಂಗಳಕ್ಕೆ ಇಳಿದಾಗ ಮತ್ತೊಮ್ಮೆ ಕರೆದೆ. “ಹೋಗುವಾಗ ಒಂದು ಚಾಪೆ ತೆಗೆದುಕೊಂಡು ಹೋಗು. ಒಳಗೆ ಹಾಸಿ, ನೀನೇ ಒಮ್ಮೆ ಮಲಗಿ ನೋಡು.”