ಅರಿಶಿನದ ಕಾಗದ

ರಜೆಯಲ್ಲಿ ಮಕ್ಕಳಿಗೆ ಏನು ಮಾಡಿಸೋದು ಅಂತ ಯೋಚಿಸ್ತಿರೋರಿಗೆ ಒಂದು ಮಾತು. ದುಬಾರಿ ಸೈನ್ಸ್ ಕಿಟ್ ಆಮೇಲೆ ತಂದರಾಯಿತು, ಮೊದಲು ಸಾಂಬಾರ ಡಬ್ಬಿ ತೆಗೆಯಿರಿ.

ಒಂದು ಚಮಚ ಅರಿಶಿನಕ್ಕೆ ನೀರು ಬೆರೆಸಿ, ಬಿಳಿ ಕಾಗದಕ್ಕೆ ಬಳಿದು ಒಣಗಿಸಿ. ಬಟ್ಟೆ ಸೋಪಿನ ನೀರಿನಲ್ಲಿ ಕಡ್ಡಿ ಅದ್ದಿ ಮಕ್ಕಳು ತಮ್ಮ ಹೆಸರು ಬರೆಯಲಿ. ಹಳದಿ ಮೇಲೆ ಕೆಂಪಕ್ಷರ ಮೂಡುತ್ತೆ! ಅದರ ಮೇಲೆ ನಿಂಬೆರಸ ಸವರಿದರೆ ಮತ್ತೆ ಹಳದಿ. ಅರಿಶಿನದ ಕರ್ಕ್ಯುಮಿನ್ ಕ್ಷಾರ ತಾಗಿದರೆ ಕೆಂಪಾಗುತ್ತೆ, ಆಮ್ಲ ತಾಗಿದರೆ ಹಳದಿಗೆ ಮರಳುತ್ತೆ. ಆರತಿ ತಟ್ಟೆಯ ನೀರಿಗೆ ಅರಿಶಿನ, ಸುಣ್ಣ ಹಾಕಿದಾಗ ಬರುವ ಕೆಂಪಿನ ಗುಟ್ಟೂ ಇದೇ.

ಹಿತ್ತಲಲ್ಲಿ ದಾಸವಾಳ ಇದ್ದರೆ ಕೆಂಪು ಎಸಳನ್ನು ಬಿಸಿನೀರಲ್ಲಿ ನೆನೆಸಿ. ಆ ನೀರು ನಿಂಬೆಗೆ ಗುಲಾಬಿ ಬಣ್ಣವಾಗುತ್ತೆ, ಅಡುಗೆ ಸೋಡಾಕ್ಕೆ ಹಸಿರಾಗುತ್ತೆ. ನೀಲಿ ಶಂಖಪುಷ್ಪದ ನೀರಿಗೆ ನಿಂಬೆ ಹಿಂಡಿದರೆ ನೇರಳೆ.

ಇಷ್ಟಕ್ಕೇ ನಿಂತರೆ ಅದು ಜಾದೂ ಅಷ್ಟೆ. ಹುಣಸೆ ನೀರು, ಮಜ್ಜಿಗೆ, ಒಲೆ ಬೂದಿಯ ನೀರು ಸಾಲಾಗಿಟ್ಟು, "ಯಾವುದಕ್ಕೆ ಯಾವ ಬಣ್ಣ ಬರಬಹುದು?" ಅಂತ ಮೊದಲೇ ಬರೆಸಿ. ಆಮೇಲೆ ಹಾಕಿ ನೋಡಲಿ. ಊಹೆ ತಪ್ಪಾದರೆ ಉತ್ತರ ಹೇಳೋಕೆ ಅವಸರಪಡಬೇಡಿ, ಯಾಕೆ ಅಂತ ಅವರೇ ಕೇಳಲಿ.

ಟಾಯ್ಲೆಟ್ ಕ್ಲೀನರ್, ಬ್ಲೀಚಿಂಗ್ ಪುಡಿ ಮಾತ್ರ ಈ ಆಟಕ್ಕೆ ಬೇಡ. ಮತ್ತೆ, ದಯವಿಟ್ಟು ಹಳೇ ಬಟ್ಟೆ ಹಾಕಿಸಿ!