ಮೊಂತಿ ಹಬ್ಬದ ಹೊಸ ತೆನೆ

ಸೋಣ ತಿಂಗಳು ಕಾಲಿಟ್ಟಿತೆಂದರೆ ದಕ್ಷಿಣ ಕನ್ನಡದ ಮಳೆಗೂ ಕೊಂಚ ಸೌಮ್ಯತೆ ಬರುತ್ತದೆ. ಆಟಿಯ ಜಡಿ ಹಿಂದೆ ಸರಿದು, ನಡುನಡುವೆ ಬಿಸಿಲು ಇಣುಕಿ, ಏಣೆಲು ಬೆಳೆಯ ಗದ್ದೆಗಳಲ್ಲಿ ಬತ್ತದ ತೆನೆ ಹೊರಬಿದ್ದು ಹಾಲು ತುಂಬಿಕೊಳ್ಳುತ್ತಿರುತ್ತದೆ. ಈ ದಿನಗಳಲ್ಲಿಯೇ, ಆಗಸ್ಟ್ 30ರಿಂದ ಮೊದಲ್ಗೊಂಡು ಒಂಬತ್ತು ದಿವಸ, ಮಂಗಳೂರು ಉಡುಪಿಗಳ ಕಡೆ ಇಗರ್ಜಿಯ ದಾರಿಯುದ್ದಕ್ಕೂ ಹೂಬುಟ್ಟಿ ಹಿಡಿದ ಮಕ್ಕಳ ಸಾಲು ಕಣ್ಣಿಗೆ ಬೀಳುತ್ತದೆ. ದಾಸವಾಳವಾಗಲಿ ಗೊಂಡೆಯಾಗಲಿ, ಹಿತ್ತಿಲಲ್ಲಿ ಸಿಕ್ಕಿದ ಯಾವ ಹೂವಾದರೂ ಸರಿಯೆ. ಬೇಲಿಯ ಹೂವಿಗೂ ಆಗ ಮರ್ಯಾದೆ ಉಂಟು. ಬಾಲೆ ಮರಿಯಮ್ಮನ ಪುಟ್ಟ ಪ್ರತಿಮೆಗೆ ಹಾಡುತ್ತ ಹೂವೆರಚುವ ಈ ನವದಿನಗಳ ಪೂಜೆ ಸೆಪ್ಟೆಂಬರ್ 8ರಂದು ಮುಗಿಯುತ್ತದೆ. ಅದೇ ಕೊಂಕಣಿ ಕ್ರೈಸ್ತರ ಮೊಂತಿ ಫೆಸ್ತ್. ಊರವರ ಬಾಯಲ್ಲಿ ತೆನೆ ಹಬ್ಬ.

ಕ್ರೈಸ್ತ ಧರ್ಮಸಭೆಯ ಪಂಚಾಂಗದಲ್ಲಿ ಸಂತರನ್ನು ಸಾಮಾನ್ಯವಾಗಿ ಅವರು ಮಡಿದ ದಿನ ಸ್ಮರಿಸುವುದು ವಾಡಿಕೆ. ಇಹದ ಮರಣವೇ ಪರದ ಜನನವೆಂಬುದು ಅಲ್ಲಿಯ ಭಾವನೆ. ಈ ಲೋಕದ ಹುಟ್ಟಿಗೇ ಹಬ್ಬ ಮಾಡಿಸಿಕೊಳ್ಳುವ ಭಾಗ್ಯ ಮೂವರಿಗೆ ಮಾತ್ರ: ಯೇಸುಸ್ವಾಮಿ, ಸ್ನಾನಿಕ ಯೊವಾನ್ನ ಮತ್ತು ಮರಿಯಮ್ಮ. ಮರಿಯಮ್ಮನ ಜನನದ ಪ್ರಸ್ತಾಪ ಬೈಬಲಿನಲ್ಲಿಲ್ಲ. ಜೆರೂಸಲೇಮಿನಲ್ಲಿ ಆಕೆ ಹುಟ್ಟಿದ ಮನೆಯೆಂದು ಭಕ್ತರು ನಂಬಿದ ಸ್ಥಳದಲ್ಲಿ ಗುಡಿಯೊಂದು ಎದ್ದು, ಅದರೊಡನೆ ಬೆಳೆದ ಈ ಉತ್ಸವ ಏಳನೆಯ ಶತಮಾನದ ಕೊನೆಯ ವೇಳೆಗೆ ರೋಮ್ ನಗರವನ್ನು ತಲುಪಿತ್ತು. ತಾರೀಕನ್ನು ಗೊತ್ತುಮಾಡಿದ ಆ ಜನ ನೇತ್ರಾವತಿಯ ದಡದ ಗದ್ದೆಗಳನ್ನು ಕನಸಿನಲ್ಲಿಯೂ ಕಂಡವರಲ್ಲ. ಆದರೂ ಈ ಕರಾವಳಿಯಲ್ಲಿ ಆ ದಿನ ಹೊಸ ತೆನೆಯ ಹೊತ್ತಿಗೇ ಸರಿಯಾಗಿ ಬಂದು ನಿಂತಿತು.

ಗೋವೆಯಿಂದ ವಲಸೆ ಬಂದು ನೆಲಸಿದ ಕೊಂಕಣಿ ಮನೆತನಗಳಿಗೆ ಹೊಸ ಅಕ್ಕಿಯ ಊಟ ಹೊಸತಾಗಿರಲಿಲ್ಲ. ಮತಾಂತರಕ್ಕಿಂತ ಹಳೆಯದಾದ ಆ ಸಂಪ್ರದಾಯವನ್ನು ಅವರು ಮನೆಯ ಪಾತ್ರೆಪಡಗಗಳಂತೆಯೇ ಹೊತ್ತು ತಂದಿದ್ದರು. ನೆರೆಯ ತುಳುವರಲ್ಲಿಯೂ ಮನೆಗೆ ತೆನೆ ಕಟ್ಟುವ, ಹೊಸ ಅಕ್ಕಿ ಉಣ್ಣುವ ಆಚಾರ ಇದ್ದೇ ಇದೆ. ವ್ಯತ್ಯಾಸವಿಷ್ಟೆ: ಅವರು ಬೆಳೆಯನ್ನೂ ಶುಭದಿನವನ್ನೂ ನೋಡಿಕೊಂಡು ಹೊಸದನ್ನು ಉಣ್ಣುತ್ತಾರೆ; ಸೆಪ್ಟೆಂಬರ್ 8 ಯಾರಿಗೂ ಕಾಯುವುದಿಲ್ಲ. ಮಳೆ ತಡವಾದ ವರ್ಷ ತೆನೆಗಾಗಿ ಊರೂರು ಹುಡುಕಬೇಕಾಗುತ್ತದೆ.

ಮೊಂತಿ ಎಂಬ ಹೆಸರಿಗೆ ಮೂಲವನ್ನು ಹುಡುಕುವವರು ಮಂಗಳೂರಿನಿಂದ ಬೆಂಗಳೂರಿನ ಹೆದ್ದಾರಿ ಹಿಡಿದು ಫರಂಗಿಪೇಟೆಯಲ್ಲಿ ಇಳಿಯಬೇಕು. ನೇತ್ರಾವತಿಯ ಬಳಿಯ ಆ ಎತ್ತರದ ನೆಲಕ್ಕೆ ಮೊಂತೆ ಮಾರಿಯಾನೊ, ಅರ್ಥಾತ್ ಮರಿಯಮ್ಮನ ಗುಡ್ಡ, ಎಂದು ಪೋರ್ತುಗೀಸ್ ಹೆಸರು. ಗೋವೆಯ ಪಾದ್ರಿ ಜೋಕಿಂ ಮಿರಾಂದರು 1763ರಲ್ಲಿ ಇಲ್ಲಿ ಈ ಹಬ್ಬವನ್ನು ಆರಂಭಿಸಿದರೆಂದು ಪ್ರತೀತಿ. ಹೈದರಾಲಿ ಬಿದನೂರನ್ನು ಗೆದ್ದದ್ದೂ ಅದೇ ವರ್ಷ. 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದರು, ಇಗರ್ಜಿಗಳು ನೆಲಸಮವಾದವು. ತಂದೆಗೆ ಮಿರಾಂದರಲ್ಲಿದ್ದ ಸ್ನೇಹವನ್ನು ನೆನೆದು ಟಿಪ್ಪು ಈ ಒಂದು ಸ್ಥಳವನ್ನು ಉಳಿಸಿದನೆಂದು ಹೇಳುತ್ತಾರೆ. 1799ರ ಬಳಿಕ ಬದುಕಿ ಮರಳಿದವರು ಗದ್ದೆಗಳನ್ನು ಮತ್ತೆ ಉತ್ತು ಬಿತ್ತಿದಾಗ ಮೊದಲ ತೆನೆಯನ್ನು ಯಾವ ಭಾವದಿಂದ ಕೈಗೆತ್ತಿಕೊಂಡಿರಬಹುದೆಂಬುದನ್ನು ಓದುಗರೇ ಊಹಿಸಿಕೊಳ್ಳಬೇಕು.

ಹಬ್ಬದ ಬೆಳಗು ಪಾದ್ರಿಗಳು ತೆನೆಯ ಕಟ್ಟುಗಳನ್ನು ಆಶೀರ್ವದಿಸುತ್ತಾರೆ. ಮೆರವಣಿಗೆ ಇಗರ್ಜಿಯನ್ನು ಹೊಗುತ್ತದೆ. ಪೂಜೆ ಮುಗಿದ ಮೇಲೆ ಮನೆಗೊಂದರಂತೆ ತೆನೆ, ಮಕ್ಕಳಿಗೆ ಕಬ್ಬು. ಕಬ್ಬಿನ ಜಲ್ಲೆ ತನಗಿಂತ ಉದ್ದವಾಗಿದ್ದರೂ ಬಿಡದೆ ಎಳೆದುಕೊಂಡು ಹೋಗುವ ಪುಟಾಣಿಗಳನ್ನು ನೋಡುವುದೇ ಒಂದು ಹಬ್ಬ! ಮನೆಯಲ್ಲಿ ದೇವರ ಪೀಠದ ಮುಂದೆ ಪ್ರಾರ್ಥನೆ ನಡೆದು, ಹಿರಿಯರು ತೆನೆಯ ಕಾಳುಗಳನ್ನು ಸುಲಿದು, ಪುಡಿಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸುತ್ತಾರೆ. ಇದು ನೊವೆಂ. ಕಿರಿಯರು ಹಿರಿಯರಿಂದ ಬೆಸಾಂವ್, ಎಂದರೆ ಆಶೀರ್ವಾದ, ಪಡೆದು ಇದನ್ನು ಸ್ವೀಕರಿಸಿದ ಮೇಲೆಯೇ ಎಲೆ ಹಾಕುವುದು.

ಮೀನಿಲ್ಲದೆ ತುತ್ತು ಇಳಿಯದ ಮನೆಗಳಲ್ಲಿಯೂ ಅಂದು ಬಹುಮಟ್ಟಿಗೆ ಶಾಕಾಹಾರ. ಬಾಳೆಲೆಯ ಮೇಲೆ ಕೆಸುವಿನ ದಂಟು, ಬೆಂಡೆ, ಹೀರೆ, ಅಮಟೆಕಾಯಿ ಹಾಕಿದ ಹಾಗಲ, ಕೊನೆಗೆ ಬೇಳೆ, ಬೆಲ್ಲ, ತೆಂಗಿನ ಹಾಲಿನ ವೋರ್ನ್. ಪಲ್ಯಗಳ ಎಣಿಕೆ ಐದೋ ಏಳೋ ಒಂಬತ್ತೋ, ಬೆಸವಾಗಿಯೇ ಇರಬೇಕು. ಒಂದು ಕಡಿಮೆಯಾಯಿತೆಂದು ಹಿತ್ತಿಲಿಗೆ ಓಡುವ ಗೃಹಿಣಿಯರೂ ಇಲ್ಲದಿಲ್ಲ.

ಬೆಂಗಳೂರಿನ ಶಿವಾಜಿನಗರದಲ್ಲಿಯೂ ಅದೇ ದಿನ ಸಂತ ಮರಿಯಮ್ಮನವರ ತೇರು ಹೊರಡುತ್ತದೆ. ಕಾವಿಯುಟ್ಟ ಹರಕೆಯವರಿಂದ ಬೀದಿ ಕಿಕ್ಕಿರಿಯುತ್ತದೆ. ಅದು ಆರೋಗ್ಯಮಾತೆಯ ಜಾತ್ರೆ. ತೆನೆಗೆ ಅಲ್ಲಿ ಕರಾವಳಿಯ ಸ್ಥಾನವಿಲ್ಲ.

ಆದರೆ ಕರಾವಳಿಯಲ್ಲಿಯೇ ತೆನೆ ಈಗ ಎಲ್ಲಿದೆ? ಗದ್ದೆಗಳನ್ನು ಅಡಕೆಯ ತೋಟಗಳು, ಮನೆಯ ನಿವೇಶನಗಳು ನುಂಗಿವೆ. ಆಳು ಸಿಗದೆ ಹಡಿಲು ಬಿದ್ದವೂ ಬಹಳ. ತಮ್ಮ ಗದ್ದೆಯ ಮೊದಲ ತೆನೆಯನ್ನು ತಾವೇ ಇಗರ್ಜಿಗೆ ಒಯ್ಯುತ್ತಿದ್ದ ಮನೆತನಗಳ ಮಕ್ಕಳು ಇಂದು ಇಗರ್ಜಿಯಿಂದ ತೆನೆಯನ್ನು ಪಡೆದು ಬರುತ್ತಾರೆ. ಇಗರ್ಜಿಗಾದರೂ ಅದು ಉಳಿದ ಕೆಲವೇ ಬೇಸಾಯಗಾರರ ಗದ್ದೆಯಿಂದ ಬರಬೇಕು. ಆ ಬೇಸಾಯಗಾರ ಯಾವ ಮತದವನಾದರೂ ಆಗಿರಬಹುದು. ಹಬ್ಬದ ನೆಪದಿಂದಲೇ ಹಡಿಲು ಗದ್ದೆಗೆ ಇಳಿದು ನೇಜಿ ನೆಡುವ ತರುಣರೂ ಅಲ್ಲಲ್ಲಿ ಕಾಣಸಿಗುತ್ತಾರೆ. ಕೆಸರಿನಲ್ಲಿ ಕಾಲಿಡಲು ಮೊದಲು ಅಂಜಿದ ಪೇಟೆಯ ಹುಡುಗರಿಗೆ ಊರಿನ ಮುದುಕಿಯರು ನೇಜಿಯ ಹಿಡಿಯನ್ನು ಬಿಡಿಸುವ ಬಗೆ ಕಲಿಸಿಕೊಡುತ್ತಾರೆ.

ಮನೆಯವರೆಲ್ಲ ಒಂದೇ ಎಲೆಸಾಲಿನಲ್ಲಿ ಕೂರುವ ಕಾಲವೂ ಹಿಂದಾಯಿತು. ಮುಂಬಯಿಗೆ, ಕೊಲ್ಲಿ ನಾಡುಗಳಿಗೆ ಹೋದವರ ಪಾಲು ಪೀಠದ ಮೇಲೆ ಬೇರೆಯಾಗಿಯೇ ಇರುತ್ತದೆ. ಹಬ್ಬ ಕಳೆದ ಮೇಲೆ ತಾಯಂದಿರು ಆ ಕಾಳುಗಳನ್ನು ಸುಲಿದು, ಕಾಗದದಲ್ಲಿ ಮಡಚಿ, ಲಕೋಟೆಯೊಳಗಿಟ್ಟು ಅಂಚೆಗೆ ಹಾಕುತ್ತಾರೆ. ಅದು ತಲುಪಿದ ದಿನವೇ ಆ ಮಕ್ಕಳಿಗೆ ನೊವೆಂ. ತಾರೀಕು ಯಾವುದಾದರೂ ಆಗಲಿ.